ನಲವತ್ತೊಂದನೆಯ ನಂಬರಿನ ಐದು ಸೋಮವಾರಗಳು

ಕಳೆದ ತಿಂಗಳು ಬೇರೊಂದು ಕೆಲಸಕ್ಕೆಂದು ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನಲ್ಲಿ ಇಳಿದಾಗ, ಸೇತುವೆಯ ಮೆಟ್ಟಿಲಿನ ಮೇಲೆಯೇ ಎರಡು ವಾಸನೆಗಳು ಒಟ್ಟಿಗೆ ಎದುರಾದವು. ಒಂದು, ಮಳೆ ಬಿಟ್ಟ ಮೇಲೆ ಕಾರ್ಖಾನೆಗಳ ಕಡೆಯಿಂದ ತೆವಳಿ ಬರುವ ಹುಳಿಗಾಳಿಯದು. ಇನ್ನೊಂದು, ಸ್ಟೇಷನ್ನಿನ ಹಿಂಬದಿಯ ಖಾನಾವಳಿಯಲ್ಲಿ ಹಂಚಿನ ಮೇಲೆ ಬೇಯುತ್ತಿದ್ದ ಜೋಳದ ರೊಟ್ಟಿಯದು. ಇವೆರಡರಲ್ಲಿ ಯಾವುದಾದರೂ ಒಂದೇ ಬಂದಿದ್ದರೆ ನಾನು ನಡೆದುಬಿಡುತ್ತಿದ್ದೆ. ಎರಡೂ ಕೂಡಿ ಬಂದದ್ದರಿಂದ ಕಂಬಿ ಹಿಡಿದು ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಚಲಾ ಮ್ಯಾಡಮ್, ಪುಢೆ ಚಲಾ" ಎಂದು ಮರಾಠಿಯಲ್ಲಿ ಮುಂದೆ ನಡೆಯಲು ಅವಸರಿಸಿ, ಬೆನ್ನಿಗೆ ಚೀಲ ತಾಗಿಸಿ ಹೋದರು. ನಾನು ಮಾತ್ರ ಏಳು ವರ್ಷ ಹಿಂದಕ್ಕೆ, ೨೦೧೨ರ ಮಳೆಗಾಲಕ್ಕೆ ಹೋಗಿ ನಿಂತಿದ್ದೆ.

ಆಗ ನನಗೆ ಇಪ್ಪತ್ತೇಳು. ಸೀವುಡ್ಸ್ ಬಳಿಯ ಒಂದು ಆಸ್ಪತ್ರೆಯ ಕಿಡ್ನಿ ಕಸಿ ವಿಭಾಗದಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಹುಟ್ಟಿದ್ದು ಡೊಂಬಿವಲಿಯಲ್ಲಿ, ಅಪ್ಪ ಅಮ್ಮ ಉಡುಪಿ ಕಡೆಯವರು, ಮನೆಯಲ್ಲಿ ತುಳು, ಮೆಟ್ಟಿಲಿಳಿದರೆ ಮರಾಠಿ. ನನ್ನ ಕನ್ನಡ ಶಾಲೆಯ ಪುಸ್ತಕದಿಂದಲೂ ಚರ್ಚಾಸ್ಪರ್ಧೆಗಳ ವೇದಿಕೆಯಿಂದಲೂ ಬಂದದ್ದು. ಥಾಣೆಯ ಕಾಲೇಜಿನಲ್ಲಿ ಓದುವಾಗ ಗೆದ್ದ ಕಪ್ಪುಗಳು ಮನೆಯ ಕಪಾಟಿನ ಮೇಲೆ ಈಗಲೂ ಧೂಳು ತಿನ್ನುತ್ತಿವೆ. ವಾದವನ್ನು ಮೂರು ಅಂಶಗಳಿಗೆ ಇಳಿಸಬೇಕು, ಎದುರಾಳಿಯ ಆಕ್ಷೇಪವನ್ನು ಮೊದಲೇ ಊಹಿಸಬೇಕು, ಕೊನೆಯ ವಾಕ್ಯ ಕೇಳುಗರ ಕಿವಿಯಲ್ಲಿ ಉಳಿಯಬೇಕು ಎಂದು ನಮಗೆ ಕಲಿಸಿದ್ದರು. ಲೋಕದ ಅವ್ಯವಸ್ಥೆಯನ್ನೂ ಇದೇ ಕ್ರಮದಲ್ಲಿ ಸರಿಪಡಿಸಬಹುದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ನನ್ನ ಕೆಲಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬೇರೆಯವರ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲೆಂದು ಕಸಿಯಾದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಡುತ್ತಾರೆ. ಹಾಗೆ ತಗ್ಗಿದಾಗ, ನಮ್ಮಲ್ಲಿ ಬಹುತೇಕರ ಮೈಯೊಳಗೆ ಸುಮ್ಮನೆ ಮಲಗಿರುವ ಒಂದು ವೈರಸ್ ಎಚ್ಚರಗೊಂಡು ಕಣ್ಣು, ಕರುಳು, ಹೊಸ ಕಿಡ್ನಿ ಯಾವುದನ್ನಾದರೂ ಹಿಡಿಯಬಹುದು. ಅದನ್ನು ತಡೆಯಲು ಆರು ತಿಂಗಳ ಕಾಲ ಇನ್ನೊಂದು ಮಾತ್ರೆ ಕೊಡುತ್ತಾರೆ. ತೊಂದರೆ ಇರುವುದು ಆ ಮಾತ್ರೆಯಲ್ಲಿಯೇ. ರಕ್ತದ ಬಿಳಿಕಣಗಳು ಹುಟ್ಟುವ ಮೂಳೆಮಜ್ಜೆಯನ್ನೇ ಅದು ಒಣಗಿಸಬಲ್ಲದು. ಬಿಳಿಕಣಗಳು ತೀರಾ ಇಳಿದರೆ ಒಂದು ಸಣ್ಣ ಬಾಯಿಹುಣ್ಣು ಸಾಕು, ಮನುಷ್ಯ ಉಳಿಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ರಕ್ತ ಪರೀಕ್ಷಿಸಿ, ಬಿಳಿಕಣಗಳ ಲೆಕ್ಕವನ್ನೂ ಕಿಡ್ನಿಯ ಕೆಲಸವನ್ನು ತೋರಿಸುವ ಅಂಕಿಯನ್ನೂ ನೋಡಿ, ಇಳಿಯುತ್ತಿದ್ದರೆ ಮಾತ್ರೆ ಕಡಿಮೆ ಮಾಡಬೇಕು, ಇಲ್ಲವೇ ನಿಲ್ಲಿಸಬೇಕು. ಆ ಅಂಕಿಗಳನ್ನು ಕಾಯುವ ಕೆಲಸ ನನ್ನದಾಗಿತ್ತು.

ನಾನು ಸೇರಿದಾಗ ಅದು ಹೇಗೆ ನಡೆಯುತ್ತಿತ್ತೆಂದರೆ, ಅಂಬರನಾಥದಿಂದಲೋ ಕಲ್ಯಾಣದಿಂದಲೋ ಕಸಿಯಾದ ರೋಗಿ ಎರಡು ಟ್ರೇನು ಬದಲಿಸಿ, ಜನರ ಕೆಮ್ಮು ಸೀನುಗಳ ನಡುವೆ ನಿಂತು ಬಂದು, ಒಂದು ಚೀಟಿ ತೋರಿಸಿ ಹೋಗಬೇಕಿತ್ತು. ಅನೇಕರು ಬರುತ್ತಲೇ ಇರಲಿಲ್ಲ. ಇದರ ವಿರುದ್ಧ ನಾನು ಒಂದು ಯೋಜನೆ ಬರೆದೆ. ಅದರ ಕೊನೆಯ ವಾಕ್ಯ, "ರೋಗಿ ಅಲೆಯುವುದು ಬೇಡ, ವರದಿ ಅಲೆಯಲಿ." ಅವರವರ ಊರಿನ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಡಲಿ, ಮನೆಯವರು ಯಾರಾದರೂ ವರದಿಯನ್ನು ನನ್ನ ಕಿಟಕಿಗೆ ತಂದುಕೊಡಲಿ, ಅಂಕಿಗಳು ಚೆನ್ನಾಗಿರುವ ರೋಗಿ ಡಾಕ್ಟರ ಬಳಿಗೆ ಆರು ವಾರಕ್ಕೊಮ್ಮೆ ಬಂದರೆ ಸಾಕು. ಮೂರು ನಿಯಮಗಳನ್ನು ಕನ್ನಡ, ಮರಾಠಿ, ಹಿಂದಿಗಳಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿದೆ. ಒಂದು, ಸೋಮವಾರದ ರಕ್ತಪರೀಕ್ಷೆ ತಪ್ಪಕೂಡದು. ಎರಡು, ವರದಿಯಿಲ್ಲದೆ ಮುಂದಿನ ವಾರದ ಮಾತ್ರೆ ಇಲ್ಲ. ಮೂರು, ರೋಗಿ ಜನಜಂಗುಳಿಗೆ ಹೋಗಕೂಡದು.

ಇನ್ನೊಂದು ಸುಧಾರಣೆಯೂ ನನ್ನದೇ. ಕಲ್ಯಾಣದ ಒಬ್ಬ ರೋಗಿಯ ಚೀಟಿಯಲ್ಲಿ ಹೆಸರಿನ ಪಕ್ಕ ವೈರಸ್ ಎಂಬ ಪದ ನೋಡಿ ಮನೆಮಾಲಕ ಬಾಡಿಗೆಯ ಖೋಲಿ ಖಾಲಿ ಮಾಡಿಸಿದ್ದ. ರೋಗಿಯ ಹೆಸರು ಅವನ ಸ್ವಂತ ಸ್ವತ್ತು, ಅದನ್ನು ಊರಿಗೆ ಸಾರುವ ಹಕ್ಕು ನಮಗಿಲ್ಲ ಎಂದು ವಾದಿಸಿ, ಲ್ಯಾಬಿನ ಚೀಟಿಯಿಂದ ಹೆಸರು, ವಯಸ್ಸು, ಗಂಡು ಹೆಣ್ಣೆಂಬ ವಿವರ ಎಲ್ಲವನ್ನೂ ತೆಗೆಸಿ ಬರೀ ಒಂದು ನಂಬರು ಉಳಿಸಿದೆ. ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎಂದಷ್ಟೇ ಕರೆಯುತ್ತಿದ್ದ ಹಿರಿಯ ವೈದ್ಯೆ, ಯೋಜನೆಗೆ ಸಹಿ ಹಾಕುತ್ತ ಮರಾಠಿಯಲ್ಲಿ ಹೇಳಿದ್ದರು: "ನೀನು ಮಾತಾಡಿದರೆ ಇಲ್ಲ ಎನ್ನಲು ಆಗುವುದಿಲ್ಲ. ನನಗೆ ಹೆದರಿಕೆ ಇರುವುದೂ ಅದಕ್ಕೇ." ನಾನು ಅದನ್ನು ಹೊಗಳಿಕೆಯೆಂದು ತೆಗೆದುಕೊಂಡೆ.

ನಲವತ್ತೊಂದನೆಯ ನಂಬರು ಮಲ್ಲಪ್ಪ ಬಿರಾದಾರನದು. ವಿಜಯಪುರ ಜಿಲ್ಲೆಯವನು, ಕಲ್ಯಾಣದ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದವನು, ಶಹಾಡಿನ ಒಂದು ಖೋಲಿಯಲ್ಲಿ ವಾಸ. ಕಿಡ್ನಿ ಕೊಟ್ಟವಳು ಹೆಂಡತಿ ನೀಲವ್ವ. ಕಸಿಯಾಗಿ ಆಗ ಮೂರು ತಿಂಗಳು ಕಳೆದಿತ್ತು. ನಿಯಮಗಳನ್ನು ಮೊದಲ ಸಲ ಓದಿ ಹೇಳಿದಾಗ ಮಲ್ಲಪ್ಪ ಹೆಂಡತಿಯ ಕಡೆ ತಿರುಗಿ, "ಅಕ್ಕಾರ ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗ್ತದ ನೋಡು" ಎಂದಿದ್ದ. ಓದು ಬಾರದ ನೀಲವ್ವ ನಗಲಿಲ್ಲ. "ಇನ್ನೊಮ್ಮೆ ಓದ್ರೀ ಅಕ್ಕಾರ" ಎಂದಳು. ಮತ್ತೆ ಓದಿದೆ. ಬೆರಳು ಮಡಚುತ್ತ ಮೂರನ್ನೂ ಬಾಯಿಪಾಠ ಮಾಡಿಕೊಂಡಳು.

ಆ ಜೂನ್ ಜುಲೈಯಲ್ಲಿ ಮಳೆ ಸುರಿದ ಪರಿ ಈಗಲೂ ನೆನಪಿದೆ. ಹಳಿಗಳು ಮುಳುಗಿ ಟ್ರೇನುಗಳು ನಿಲ್ಲುತ್ತಿದ್ದವು, ಸೂಚನಾ ಫಲಕಗಳು ಖಾಲಿಯಾಗಿ ಮಿನುಗುತ್ತಿದ್ದವು. ಎಷ್ಟೋ ನಂಬರುಗಳ ವರದಿ ತಪ್ಪಿಹೋಯಿತು. ನಲವತ್ತೊಂದು ಒಂದು ಸಲವೂ ತಪ್ಪಲಿಲ್ಲ. ಪ್ರತಿ ಬುಧವಾರ ನೀಲವ್ವ ತೊಯ್ದ ಸೆರಗನ್ನು ಹಿಂಡಿಕೊಂಡು, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲವಿಟ್ಟು, ಅದರಿಂದ ಒಂದು ಹನಿಯೂ ತಾಗದ ವರದಿಯನ್ನು ತೆಗೆದು ಕಿಟಕಿಯೊಳಗೆ ಸರಿಸುತ್ತಿದ್ದಳು. ಬಿಳಿಕಣಗಳು ಆರು ಸಾವಿರದ ಮೇಲೆ. ಕಿಡ್ನಿಯ ಅಂಕಿ ಅಚ್ಚುಕಟ್ಟು. ಕಂಪ್ಯೂಟರಿನಲ್ಲಿ ನಾನು ಎಳೆಯುತ್ತಿದ್ದ ಗೆರೆಗಳಲ್ಲಿ ಅಷ್ಟು ನೇರವಾದದ್ದು ಇನ್ನೊಂದಿರಲಿಲ್ಲ.

"ಚಲೋ ಐತೇನ್ರೀ?" ಎಂದು ಕೇಳುತ್ತಿದ್ದಳು.

"ತುಂಬಾ ಚೆನ್ನಾಗಿದೆ ನೀಲವ್ವ. ಎಲ್ಲರೂ ನಿಮ್ಮ ಹಾಗೆ ನಿಯಮ ಪಾಲಿಸಿದರೆ ನಮಗೆ ಕೆಲಸವೇ ಇರುವುದಿಲ್ಲ."

"ಹಂಗಾರ ಮಾತ್ರಿ ಕೊಡ್ರಿ. ಥಾಣೆದಾಗ ಗಾಡಿ ತಪ್ತದ."

ಜುಲೈ ಕೊನೆಯ ಶನಿವಾರ ಬೇರೆ ಆಸ್ಪತ್ರೆಗಳ ವೈದ್ಯರ ಮುಂದೆ ನನ್ನ ಯೋಜನೆಯನ್ನು ಮಂಡಿಸುವುದಿತ್ತು. ನಲವತ್ತೊಂದರ ಗೆರೆಯನ್ನು ತೆರೆಯ ಮೇಲೆ ತೋರಿಸುವುದೆಂದು ನಿರ್ಧರಿಸಿದ್ದೆ. ಮಲ್ಲಪ್ಪನೇ ಬಂದು ನಾಲ್ಕು ಮಾತು ಹೇಳಿದರೆ ಇನ್ನೂ ಚೆನ್ನ ಎನ್ನಿಸಿ, ಆ ವಾರದ ಗುರುವಾರ, ಹಿಂದಿನ ದಿನವಷ್ಟೇ ಬಂದ ವರದಿಯನ್ನು ಚೀಲದಲ್ಲಿಟ್ಟುಕೊಂಡು ಶಹಾಡಿಗೆ ಹೊರಟೆ. ಇದೇ ಸೇತುವೆ ಇಳಿದೆ. ಇದೇ ಎರಡು ವಾಸನೆಗಳ ನಡುವೆ ದಾರಿ ಕೇಳಿಕೊಂಡು ಹೋದೆ.

ಖೋಲಿಯ ಬಾಗಿಲು ಅರೆತೆರೆದಿತ್ತು. ಒಳಗೆ, ಗೋಡೆಗೆ ಒರಗಿಸಿದ ಹಾಸಿಗೆಯ ಮೇಲೆ ಕುಳಿತಿದ್ದವನು ಮಲ್ಲಪ್ಪನೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ತುಟಿಗಳು ಬಿರಿದು ಕಪ್ಪಾಗಿದ್ದವು. ಬಾಯಿಯ ಒಳಭಾಗವೆಲ್ಲ ಬಿಳಿಹುಣ್ಣು. ಜುಲೈಯ ಸೆಕೆಯಲ್ಲಿ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ. ನಾವೇ ಕೊಟ್ಟಿದ್ದ ಥರ್ಮಾಮೀಟರು ತಲೆದಿಂಬಿನ ಪಕ್ಕ ಪೆಟ್ಟಿಗೆಯೊಳಗೇ ಇತ್ತು. ತೆಗೆದು ಇಟ್ಟು ನೋಡಿದೆ, ನೂರಾಮೂರು. ನನ್ನ ಚೀಲದಲ್ಲಿದ್ದ ಕಾಗದ ಹೇಳುತ್ತಿತ್ತು, ಬಿಳಿಕಣಗಳು ಆರು ಸಾವಿರದ ಎಂಟುನೂರು.

"ಎಷ್ಟು ದಿನದಿಂದ ಹೀಗಿದೆ?"

"ಜ್ವರ ನಿನ್ನೆ ರಾತ್ರಿಯಿಂದ್ರೀ. ಬಾಯಿ ಹುಣ್ಣು ಒಂದ್ ವಾರಾತು. ಮಳಿಗಾಲ, ಆಗ್ತದ ಅಂದ್ಕೊಂಡ್ವಿ."

"ನೀಲವ್ವ ಎಲ್ಲಿ?"

"ಖಾನಾವಳಿಗೆ. ರೊಟ್ಟಿ ಬಡೀಲಿಕ್ಕ. ನನ್ನ ಹಮಾಲಿ ನಿಂತ ಮ್ಯಾಲೆ ಆಕೀದಽ ಅಲ್ರೀ ಸಂಸಾರ."

ಮೇಡಂಗೆ ಫೋನು ಮಾಡಿ ವರದಿಯ ಅಂಕಿ ಓದಿದೆ. ಅವರು ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಕಾಗದ ಪಕ್ಕಕ್ಕಿಡು. ಮನುಷ್ಯನನ್ನು ಕರೆದುಕೊಂಡು ಬಾ, ಈಗಲೇ." ಖಾನಾವಳಿಗೆ ಹೇಳಿ ಕಳಿಸಿ, ಟ್ಯಾಕ್ಸಿ ಹಿಡಿದು ಹೊರಟೆ. ಕಲ್ಯಾಣ ದಾಟಿ ಶೀಳ್ ರಸ್ತೆಯ ಗುಂಡಿಗಳಲ್ಲಿ ಕಾರು ಕುಲುಕುವಾಗ ಮಲ್ಲಪ್ಪ ಕಣ್ಣು ಮುಚ್ಚಿಕೊಂಡೇ, "ಅಕ್ಕಾರ, ಆಕಿಗಿ ಬೈಬ್ಯಾಡ್ರಿ" ಎಂದ. ಜ್ವರದ ಬಡಬಡಿಕೆ ಎಂದುಕೊಂಡೆ.

ನಮ್ಮ ಲ್ಯಾಬಿನ ಫಲಿತಾಂಶ ಒಂದು ಗಂಟೆಯೊಳಗೆ ಬಂತು. ಬಿಳಿಕಣಗಳು ಒಂಬೈನೂರು. ನಾನು ಮತ್ತೊಮ್ಮೆ ಮಾಡಿಸಿ ಎಂದೆ. ಮಾಡಿದರು. ಎಂಟುನೂರ ಎಪ್ಪತ್ತು.

ಸೋಮವಾರದ ಆರು ಸಾವಿರದ ಎಂಟುನೂರು ಗುರುವಾರ ಒಂಬೈನೂರಕ್ಕೆ ಇಳಿಯುವುದು ಸಾಧ್ಯವಿಲ್ಲವೆಂದು ಮೇಡಂ ಹೇಳಿದರು. ಆ ಮಾತ್ರೆ ಹಾಗೆ ಒಮ್ಮೆಲೇ ಕೆಡವುವುದಿಲ್ಲ. ವಾರಗಳಿಂದ ಇಳಿಯುತ್ತ ಬಂದಿರಬೇಕು. ಮಾತ್ರೆ ನಿಲ್ಲಿಸಿದರು. ಮಜ್ಜೆಯನ್ನು ಎಬ್ಬಿಸುವ ಇಂಜೆಕ್ಷನ್, ಜ್ವರಕ್ಕೆ ಬಲವಾದ ಔಷಧಿ ಶುರುಮಾಡಿ ಮಲ್ಲಪ್ಪನನ್ನು ಒಬ್ಬನೇ ಇರುವ ಗಾಜಿನ ಕೋಣೆಗೆ ಹಾಕಿದರು. "ಉಳಿಯುತ್ತಾನೋ ಇಲ್ಲವೋ ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ" ಎಂದು, ನನ್ನ ಮುಖ ನೋಡದೆ ಹೇಳಿ ಹೊರಟುಹೋದರು.

ನನ್ನೊಳಗಿನ ವಾದಗಾರ್ತಿ ಅಷ್ಟರಲ್ಲಿ ಅಪರಾಧಿಯನ್ನು ಹಿಡಿದಾಗಿತ್ತು. ತಪ್ಪು ಮಲ್ಲಪ್ಪ ರಕ್ತ ಕೊಡುತ್ತಿದ್ದ ಕಲ್ಯಾಣದ ಲ್ಯಾಬಿನದು. ಶುಕ್ರವಾರ ಬೆಳಿಗ್ಗೆ ಇದುವರೆಗಿನ ವರದಿಗಳನ್ನೆಲ್ಲ ಹಿಡಿದು ಅಲ್ಲಿಗೆ ಹೋದೆ. ದಾರಿಯುದ್ದಕ್ಕೂ ಮೂರು ಅಂಶಗಳನ್ನು ಜೋಡಿಸಿದ್ದೆ. ಸ್ಟೇಷನ್ ಬಳಿಯ ಆ ಪುಟ್ಟ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಫ್ರಿಜ್ಜು, ರಕ್ತ ತೆಗೆಯುವ ಸಂಧ್ಯಾ ಎಂಬ ಮರಾಠಿ ಹೆಂಗಸು. ನನ್ನ ಭಾಷಣದ ಮೊದಲ ಅಂಶ ಮುಗಿಯುವವರೆಗೂ ಆಕೆ ಕೈಗವಸು ಬಿಚ್ಚುತ್ತ ಕೇಳಿದಳು.

"ನಲವತ್ತೊಂದಾ? ಆ ತಾಯಿ ಪ್ರತಿ ಸೋಮವಾರ ಏಳು ಗಂಟೆಗೇ ಬಂದು ಕೂರುತ್ತಾರಲ್ಲ" ಎಂದಳು. "ಯಾವಾಗಲೂ ಎಡಗೈ ಚಾಚುತ್ತಾರೆ. ಬಲಗೈಯಲ್ಲಿ ರೊಟ್ಟಿ ತಟ್ಟಬೇಕಂತೆ. ನೋವಾದರೆ ಕೆಲಸ ಕೆಡುತ್ತದಂತೆ."

"ತಾಯಿಯಾ? ಅದು ಗಂಡಸಿನ ನಂಬರು."

"ಮೊದಮೊದಲು ಒಬ್ಬ ಗಂಡಸು ಬರುತ್ತಿದ್ದ, ಹೌದು. ಈಗ ಐದು ವಾರದಿಂದ ಇವರು. ಚೀಟಿ ಇತ್ತು, ಕುರ್ಚಿಯಲ್ಲಿ ಕೂತರು, ತೆಗೆದೆ." ಆಕೆ ನಮ್ಮ ಚೀಟಿಯೊಂದನ್ನು ಎತ್ತಿ ನನ್ನ ಕಣ್ಣ ಮುಂದೆ ಹಿಡಿದಳು. "ಇದರಲ್ಲಿ ಗಂಡು ಅಂತ ಎಲ್ಲಿ ಬರೆದಿದೆ, ತೋರಿಸಿ. ಹೆಸರು ಕೇಳಬಾರದು ಅಂತ ನಿಮ್ಮ ಆಸ್ಪತ್ರೆಯಿಂದಲೇ ಕಾಗದ ಬಂದಿತ್ತು."

ಆ ಕಾಗದದ ಕೆಳಗೆ ನನ್ನ ಸಹಿ ಇತ್ತು.

ಅಲ್ಲಿಂದ ಸೀವುಡ್ಸಿಗೆ ಹೇಗೆ ಬಂದೆನೋ ತಿಳಿಯದು. ಗಾಜಿನ ಕೋಣೆಯ ಹೊರಗೆ ನೆಲದ ಮೇಲೆ, ಗೋಡೆಗೆ ತಲೆಯಾನಿಸಿ ನೀಲವ್ವ ಕುಳಿತಿದ್ದಳು. ನನ್ನನ್ನು ಕಂಡು ಏಳಹೊರಟವಳು ಗೋಡೆ ಹಿಡಿದುಕೊಂಡಳು. ನಾನೂ ನೆಲದ ಮೇಲೆ ಕುಳಿತೆ.

"ನೀಲವ್ವ, ಈ ಐದು ಸೋಮವಾರ ರಕ್ತ ಕೊಟ್ಟವರು ಯಾರು?"

"ನಾನಽ ರೀ." ಒಂದು ಕ್ಷಣವೂ ಅನುಮಾನಿಸಲಿಲ್ಲ.

"ಯಾಕೆ ಹಾಗೆ ಮಾಡಿದಿರಿ?"

ಅವಳು ಚೀಲದಿಂದ ನನ್ನ ಲ್ಯಾಮಿನೇಟ್ ಹಾಳೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಓದಲು ಬಾರದಿದ್ದರೂ ಸಾಲಿನಿಂದ ಸಾಲಿಗೆ ಬೆರಳು ಸರಿಸಿದಳು.

"ಒಂದನೇದು, ಸೋಮವಾರ ತಪ್ಪಬಾರದು. ಎರಡನೇದು, ರಿಪೋರ್ಟ್ ಇಲ್ದ ಮಾತ್ರಿ ಇಲ್ಲ. ಮೂರನೇದು, ಅವರು ಗರ್ದಿಯೊಳಗ ಹೋಗಬಾರದು. ನಾ ಮೊದಲ್ ಹೋದ ಸೋಮವಾರ ಗಾಡಿ ಬಂದ್ ಆಗಿದ್ವು. ಬಂದ ಒಂದ್ ಗಾಡಿಯೊಳಗ ಮಂದಿ ಬಾಗಿಲಿಗಿ ಜೋತಾಡ್ತಿದ್ರು. ರಿಕ್ಷಾದವ ನೀರಾಗ ಬರೂದಿಲ್ಲ ಅಂದ. ಅವರಿಗಿ ಮೆಟ್ಟಲಾ ಹತ್ತಾಕ ಬಲಾ ಇಲ್ಲ. ಮೂರೂ ನಡೀಬೇಕಂದ್ರ ಮತ್ತ್ ಯಾರ್ ಹೋಗಬೇಕ್ರೀ?"

ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ಮೂರು ಅಂಶಗಳು ಒಂದನ್ನೊಂದು ಹೊಡೆದುಹಾಕುವುದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದವಳು ನಾನು. ನನ್ನ ಸ್ವಂತ ಮೂರು ಅಂಶಗಳನ್ನು ಓದು ಬಾರದ ಹೆಂಗಸೊಬ್ಬಳು ಬೆರಳಿಟ್ಟು ಬಿಡಿಸಿ ತೋರಿಸುತ್ತಿದ್ದಳು, ಮತ್ತು ಅವಳಿಗೆ ಗೆಲ್ಲುವ ಉದ್ದೇಶವೇ ಇರಲಿಲ್ಲ.

"ನನಗೆ ಹೇಳಬಹುದಿತ್ತಲ್ಲ ನೀಲವ್ವ?"

"ಹೇಳಿದ್ರ ಮಾತ್ರಿ ನಿಲ್ಲಿಸ್ತಿದ್ರಿ. ಮಾತ್ರಿ ನಿಂತ್ರ ಕಿಡ್ನಿ ಹೋಗ್ತದ ಅಂತ ನೀವಽ ಅಂದಿದ್ರಿ. ನಂದಽ ಕಿಡ್ನಿ ಅಲ್ಲೇನ್ರೀ ಅದು? ಒಂದ್ ನನ್ನ ಹತ್ರ, ಒಂದ್ ಅವರ ಹತ್ರ. ನನ್ನ ರಕ್ತದಾಗ ಏನ್ ಕಾಣ್ತದ ಅವರದ್ರಾಗೂ ಅದಽ ಕಾಣ್ತದ ಅಂದ್ಕೊಂಡೆ. ಬರೇ ಒಂದ್ ಸಲ ಅಂತ ಮಾಡಿದ್ದು. ರಿಪೋರ್ಟ್ ನೋಡಿ ನೀವು ಭಾಳ ಚಲೋ ಐತಿ ಅಂದ್ರಿ. ಅದಕ್ಕ ಮತ್ತ ಮಾಡಿದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ರಕ್ತ ಚಲೋ ಐತಿ ಅಂದ್ರ, ಅದನ್ನಽ ಅವರಿಗಿ ಹಾಕ್ರಿ. ಎಷ್ಟ್ ಬೇಕಾದ್ರೂ ತಗೋರಿ."

ಹಾಗೆ ಹಾಕಲು ಬರುವುದಿಲ್ಲವೆಂದು, ಬಿಳಿಕಣಗಳು ಅವರ ಮಜ್ಜೆಯಲ್ಲೇ ಹುಟ್ಟಬೇಕೆಂದು ವಿವರಿಸಿದೆ. ನನ್ನ ಪುಸ್ತಕದ ಕನ್ನಡ ನನ್ನ ಕಿವಿಗೇ ಕರ್ಕಶವಾಗಿತ್ತು.

ಶನಿವಾರದ ಸಭೆಯನ್ನು ರದ್ದುಮಾಡಿ ಎಂದು ಮೇಡಂ ಬಳಿ ಕೇಳಿಕೊಂಡೆ. ಅವರು ಒಪ್ಪಲಿಲ್ಲ. "ಗೆದ್ದದ್ದನ್ನು ಹೇಳಲು ಕರೆದಿದ್ದೆ. ಸೋತದ್ದನ್ನು ಹೇಳು, ಅವರಿಗೆ ಅದೇ ಹೆಚ್ಚು ಉಪಯೋಗ" ಎಂದರು.

ಇಪ್ಪತ್ತು ಇಪ್ಪತ್ತೈದು ವೈದ್ಯರಿದ್ದರು. ನಲವತ್ತೊಂದರ ಗೆರೆಯನ್ನು ತೆರೆಯ ಮೇಲೆ ಹಾಕಿದೆ. ಈ ಗೆರೆ ರೋಗಿಯದಲ್ಲ, ಕಿಡ್ನಿ ದಾನ ಮಾಡಿದ ಹೆಂಡತಿಯದು ಎಂದೆ. ನಾನು ಹೆಸರನ್ನು ಅಳಿಸಿದೆ, ನಾನು ಮಾತ್ರೆಯನ್ನು ಕಾಗದಕ್ಕೆ ಕಟ್ಟಿಹಾಕಿದೆ, ನಾನು ಡಾಕ್ಟರ ಕಣ್ಣಿನಿಂದ ರೋಗಿಯನ್ನು ಆರು ವಾರ ದೂರವಿಟ್ಟೆ, ಇವತ್ತು ಆತ ಈ ಕಟ್ಟಡದ ಮೂರನೆಯ ಮಹಡಿಯಲ್ಲಿ ಸಾವಿನ ಹತ್ತಿರ ಇದ್ದಾನೆ ಎಂದೆ. ನಾಚಿಕೆಗೇಡಿನ ಮಾತಾದರೂ ಹೇಳಿಬಿಡುತ್ತೇನೆ, ತಪ್ಪೊಪ್ಪಿಗೆಯನ್ನೂ ನಾನು ಚೆನ್ನಾಗಿಯೇ ಮಂಡಿಸಿದೆನೆಂದು ಆ ಕ್ಷಣ ಅನ್ನಿಸಿತು.

ಆಗ ಮುಂದಿನ ಸಾಲಿನಲ್ಲಿದ್ದ, ನಿವೃತ್ತಿಯ ಅಂಚಿನಲ್ಲಿದ್ದಂತೆ ಕಂಡ ವೈದ್ಯರೊಬ್ಬರು ಐದೂ ವರದಿಗಳನ್ನು ನೋಡಬಹುದೇ ಎಂದು ಕೇಳಿದರು. ಕೊಟ್ಟೆ. ಒಂದೊಂದಾಗಿ ತಿರುವಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡುತ್ತ ಕೇಳಿದರು: "ಇದು ದಾನಿಯ ರಕ್ತವಾದರೆ, ದಾನಿಗೆ ಯಾರು ಚಿಕಿತ್ಸೆ ಕೊಡುತ್ತಿದ್ದಾರೆ?"

ಅವರ ಬೆರಳು ಹಿಮೋಗ್ಲೋಬಿನ್ ಸಾಲಿನ ಮೇಲಿತ್ತು. ಮೊದಲ ಸೋಮವಾರ ಹತ್ತೂವರೆ. ಕೊನೆಯ ಸೋಮವಾರ ಎಂಟು. ನಡುವಿನ ಮೂರೂ ಮೆಟ್ಟಿಲಿಳಿದಂತೆ.

ಆ ಅಂಕಿಗಳನ್ನು ನಾನು ನೋಡಿರಲಿಲ್ಲವೆಂದಲ್ಲ. ಐದು ಬುಧವಾರ ಅವುಗಳ ಮೇಲೆ ನನ್ನ ಕಣ್ಣು ಹಾದುಹೋಗಿತ್ತು. ಕಸಿಯಾದ ಗಂಡಸಿಗೆ ರಕ್ತ ಕಡಿಮೆ ಇರುವುದು ಸಾಮಾನ್ಯವೆಂದು ಬಿಟ್ಟಿದ್ದೆ. ನನ್ನ ಮಾತ್ರೆಯ ಕಾವಲಿಗೆ ಬೇಕಾದದ್ದು ಎರಡೇ ಸಾಲು. ಮತ್ತು ಪ್ರತಿ ಬುಧವಾರ, ಆ ರಕ್ತದ ಒಡತಿ ಕಿಟಕಿಯ ಆಚೆ ಒಂದು ಮೊಳ ದೂರದಲ್ಲಿ, ಬಿಳಿಚಿಕೊಂಡ ಮುಖದಲ್ಲಿ, ಸರಳು ಹಿಡಿದು ನಿಂತಿದ್ದಳು. ಕಿಡ್ನಿ ಕೊಟ್ಟ ಮೇಲೆ ಆಕೆಯ ರಕ್ತವನ್ನು ಪರೀಕ್ಷಿಸಲು ನಾವು ಯಾರೂ ಒಂದು ಚೀಟಿಯನ್ನೂ ಬರೆದಿರಲಿಲ್ಲ. ನಮ್ಮ ಇಡೀ ವಿಭಾಗದಲ್ಲಿ ಆಕೆಗೊಂದು ನಂಬರೇ ಇರಲಿಲ್ಲ.

ವೇದಿಕೆಯಿಂದ ಇಳಿದು ಮೂರನೆಯ ಮಹಡಿಗೆ ಓಡಿದೆ. ನೀಲವ್ವ ಅಲ್ಲೇ ಇದ್ದಳು. ರೆಪ್ಪೆ ಇಳಿಸಿ ನೋಡಿದೆ, ಒಳಭಾಗ ಕಾಗದದಷ್ಟು ಬಿಳಿ. ಏನು ತಿನ್ನುತ್ತೀರಿ ಎಂದು ಕೇಳಿದೆ. ಖಾನಾವಳಿಯಲ್ಲಿ ಬೆಳಿಗ್ಗೆ ನೂರೈವತ್ತು ರೊಟ್ಟಿ ಬಡಿದು ಬಂದು ಉಳಿದದ್ದು ತಿನ್ನುತ್ತಾಳೆ. ಸೋಮವಾರ ಹೇಗೂ ಉಪವಾಸ. ತಿಂಗಳ ಮುಟ್ಟು ಆಪರೇಷನ್ ಆದಂದಿನಿಂದ ಹತ್ತು ಹನ್ನೆರಡು ದಿನ ನಿಲ್ಲುವುದಿಲ್ಲ. "ಅದನ್ಯಾಕ ಕೇಳ್ತೀರಿ ಅಕ್ಕಾರ, ಅವರಿಗಿ ಹೆಂಗೈತಿ ಅದನ್ನ ಹೇಳ್ರಿ" ಎಂದಳು.

ಮಲ್ಲಪ್ಪನಿಗೆ ಆರನೆಯ ದಿನ ಬಿಳಿಕಣಗಳು ಏರಿದವು. ಹನ್ನೆರಡನೆಯ ದಿನ ಗಾಜಿನ ಕೋಣೆಯಿಂದ ಹೊರಬಂದ. ಕಿಡ್ನಿ ಉಳಿಯಿತು. ಚೀಟಿಗಳ ಮೇಲೆ ಹೆಸರು ಮರಳಿ ಬಂತು, ಮಡಚಿ ಅಂಟಿಸಿದ ತುದಿಯೊಳಗೆ. ವರದಿ ತಪ್ಪಿದರೆ ಮಾತ್ರೆ ನಿಲ್ಲಿಸುವ ಬದಲು ನಾವೇ ಮನೆಗೆ ಫೋನು ಮಾಡುವ ಕ್ರಮ ಶುರುವಾಯಿತು. ಇವನ್ನೆಲ್ಲ ಸಾಧನೆಯೆಂದು ಹೇಳುವ ಧೈರ್ಯ ನನಗಿಲ್ಲ.

ನನಗೆ ಉಳಿದಿರುವುದು ಆ ಶನಿವಾರದ ಮಧ್ಯಾಹ್ನ. ನಲವತ್ತೊಂದರ ಫೈಲನ್ನು ಬಿಚ್ಚಿ, ಐದು ವರದಿಗಳನ್ನು ಹೊರಗೆ ತೆಗೆದು, ಒಂದು ಹೊಸ ಫೈಲಿಗೆ ಸೇರಿಸಿದೆ. ಆಮೇಲೆ ಖಾಲಿ ನಳಿಕೆ, ಸೂಜಿ ಹಿಡಿದು ನರ್ಸ್ ಬಂದಳು. ನೀಲವ್ವ ಯಾರೂ ಹೇಳುವ ಮೊದಲೇ ಬಳೆಗಳನ್ನು ಮೇಲಕ್ಕೆ ಸರಿಸಿ ಎಡಗೈ ಚಾಚಿದಳು. ಮೊಣಕೈಯ ಮಡಿಕೆಯಲ್ಲಿ ಐದು ಚುಕ್ಕೆಗಳಿದ್ದವು, ಹಳೆಯವು ಮಾಸುತ್ತ, ಹೊಸದು ಇನ್ನೂ ನೀಲಿ.

"ಈ ಸಲ ಯಾರ ಹೆಸರಿಲೆ ಕೊಡೂದ್ರೀ ಅಕ್ಕಾರ?" ಎಂದು ಕೇಳಿದಳು.

ನಿಮ್ಮ ಹೆಸರಿನಲ್ಲಿ ಎಂದೆ. ನಳಿಕೆಯ ಮೇಲಿನ ಚೀಟಿಯಲ್ಲಿ ಅದನ್ನು ಬರೆಯಲು ಹೋದವಳು ರೂಢಿಯಂತೆ ನಲವತ್ತೊಂದು ಎಂದು ಬರೆದು, ಮೊದಲ ಚೀಟಿ ಹಾಳುಮಾಡಿದೆ.